ಹೊಳೆಯಾಚೆಗೆ ಒಯ್ದ ಕಾಗದ

೧೯೪೭ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಒಂದು ಮಂಗಳವಾರ, ಮಳವಳ್ಳಿಯ ಕಚೇರಿಯ ಹಿಂದಿನ ಹೊಂಗೆ ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದ ಗುಮಾಸ್ತ ಕರಿಸಿದ್ದಯ್ಯನಿಗೆ ಪ್ರವಾಸಿ ಬಂಗಲೆಯಿಂದ ಕರೆ ಬಂತು. ಕರೆದವರು ಊರಿನವರಲ್ಲ. ಚಳವಳಿ ಅಡಗಿಸುವುದಕ್ಕೆಂದು ಹೊರಗಿನಿಂದ ಬಂದು, ಹದಿನೈದು ದಿನದಿಂದ ಬಂಗಲೆಯಲ್ಲೇ ಬೀಡುಬಿಟ್ಟಿದ್ದ ಸ್ಪೆಷಲ್ ಇನ್‌ಸ್ಪೆಕ್ಟರು. ಆ ಬಂಗಲೆಗೆ ಕರೆಸಿಕೊಂಡವರಲ್ಲಿ ಇಬ್ಬರು ಹಲ್ಲು ಕಳೆದುಕೊಂಡು ವಾಪಸು ಬಂದಿದ್ದರು. ಕರಿಸಿದ್ದಯ್ಯ ಬುತ್ತಿಯನ್ನು ಹಾಗೇ ಕಟ್ಟಿಟ್ಟು ಎದ್ದ.

ದಾರಿಯುದ್ದಕ್ಕೂ ತಾನು ಏನು ತಪ್ಪು ಮಾಡಿರಬಹುದೆಂದು ತಡಕಾಡಿದ. ಮೆರವಣಿಗೆಗೆ ಹೋಗಿರಲಿಲ್ಲ. ಬಾವುಟ ಮುಟ್ಟಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ದೇಶವೇ ಕುಣಿದಾಗಲೂ ಅವನು ಬಾಗಿಲಲ್ಲಿ ನಿಂತು ನೋಡಿದ್ದನೇ ಹೊರತು ಬೀದಿಗೆ ಇಳಿದಿರಲಿಲ್ಲ. ಅವನ ಕೇರಿಯಲ್ಲಿ ಸರ್ಕಾರಿ ಕೆಲಸ ಹಿಡಿದವರಲ್ಲಿ ಅವನೇ ಮೊದಲನೆಯವನು. ಹಾಸ್ಟೆಲಿನ ಗಂಜಿ ಕುಡಿದು ಓದಿ ಸಂಪಾದಿಸಿದ ಕುರ್ಚಿ ಅದು. ಇತರರು ಒಂದು ತಪ್ಪು ಮಾಡಿದರೆ ಬೈಸಿಕೊಳ್ಳುತ್ತಾರೆ, ತಾನು ಮಾಡಿದರೆ ಕುರ್ಚಿಯೇ ಹೋಗುತ್ತದೆ ಎಂದು ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಇನ್‌ಸ್ಪೆಕ್ಟರು ಜಗುಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ತಲೆಯೆತ್ತಿ ನೋಡಿ, ಎದುರಿಗಿದ್ದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಅಂದರು.

ಹನ್ನೊಂದು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ಕರಿಸಿದ್ದಯ್ಯನಿಗೆ ಕುರ್ಚಿ ತೋರಿಸಿರಲಿಲ್ಲ. ಅವನು ಕುರ್ಚಿಯ ಅಂಚಿನಲ್ಲಿ ಕೂತ.

"ಹೊರಸೀಮೆ ಕಡತ ನಿಮ್ಮ ಕೈಯಲ್ಲೇ ಇರೋದು, ಅಲ್ವಾ?"

"ಹೌದು ಸಾರ್."

ಮಳವಳ್ಳಿ ಸೀಮೆ ಕಾವೇರಿಯ ಈಚೆ ದಡಕ್ಕೆ ಮುಗಿಯುತ್ತದೆ. ಶಿವನಸಮುದ್ರದ ಕಲ್ಲುಸೇತುವೆ ದಾಟಿದರೆ ಆಚೆಗೆ ಕೊಳ್ಳೇಗಾಲದ ಸೀಮೆ, ಆಗ ಅದು ಮದರಾಸಿಗೆ ಸೇರಿತ್ತು. ಈಚೆ ಅಮಲ್ದಾರ್, ಆಚೆ ತಹಸೀಲ್ದಾರ್. ಈಚೆ ಮಹಾರಾಜರ ಕಾನೂನು, ಆಚೆ ಇಂಗ್ಲಿಷರ ಕಾನೂನು. ಈಚೆ ದನ ಕದ್ದವನು ಆಚೆಗೆ ಓಡಿದರೆ, ಅವನನ್ನು ಕೇಳಿ ಬರೆದ ಕಾಗದ ಮಳವಳ್ಳಿಯಿಂದ ಮೈಸೂರಿಗೆ, ಮೈಸೂರಿನಿಂದ ಇಂಗ್ಲಿಷರ ಪ್ರತಿನಿಧಿಯಾಗಿ ಬೆಂಗಳೂರಿನಲ್ಲಿದ್ದ ರೆಸಿಡೆಂಟ್ ಸಾಹೇಬರಿಗೆ, ಅಲ್ಲಿಂದ ಮದರಾಸಿಗೆ, ಕೊಯಮತ್ತೂರಿಗೆ, ಕೊನೆಗೆ ಕೊಳ್ಳೇಗಾಲಕ್ಕೆ ಹೋಗಬೇಕು. ಕಲ್ಲೆತ್ತಿ ಎಸೆದರೆ ಬೀಳುವಷ್ಟು ದೂರಕ್ಕೆ ಮೂರು ತಿಂಗಳು. ಈ ಕಾಗದಗಳನ್ನು ಬರೆದು, ನಕಲು ತೆಗೆದು, ಕಟ್ಟಿಡುವುದು ಕರಿಸಿದ್ದಯ್ಯನ ಕೆಲಸ. ಓಡಿಬಂದವನನ್ನು ಹಿಡಿದು ಒಪ್ಪಿಸಬೇಕಾದರೆ ಯಾವ ಸಾಕ್ಷ್ಯ ಬೇಕು, ಯಾವ ಅಪರಾಧಕ್ಕೆ ಒಪ್ಪಿಸುತ್ತಾರೆ, ಯಾವುದಕ್ಕೆ ಇಲ್ಲ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಈಗ ಇಂಗ್ಲಿಷರು ಹೋಗಿದ್ದರು. ರೆಸಿಡೆಂಟರೂ ಹೋಗಿದ್ದರು. ಹಳೆಯ ಏರ್ಪಾಡೇ ಸದ್ಯಕ್ಕೆ ನಡೆಯಲಿ ಎಂದು ಒಂದು ಸುತ್ತೋಲೆ ಮಾತ್ರ ಬಂದಿತ್ತು. ಆಚೆ ದಡದಲ್ಲಿ ಸ್ವತಂತ್ರ ದೇಶ. ಈಚೆ, ದೇಶಕ್ಕೆ ಸೇರಿದ್ದರೂ ಪ್ರಜಾಸರ್ಕಾರ ಇನ್ನೂ ಬಂದಿಲ್ಲವೆಂದು ಜನ ಜೈಲು ತುಂಬುತ್ತಿದ್ದರು.

"ಪುಟ್ಟರಾಜು ಮೇಷ್ಟ್ರು ಗೊತ್ತಾ ನಿಮಗೆ?" ಇನ್‌ಸ್ಪೆಕ್ಟರು ಕೇಳಿದರು.

ಗೊತ್ತಿತ್ತು. ಇಬ್ಬರೂ ಮಿಡ್ಲ್ ಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಮಡಕೆಯಿಂದ ನೀರನ್ನು ಮೇಲಿಂದ ಎತ್ತಿ ಕರಿಸಿದ್ದಯ್ಯನ ಬೊಗಸೆಗೆ ಹೊಯ್ಯುತ್ತಿದ್ದವನು ಆ ಪುಟ್ಟರಾಜುವೇ. ಸಂತೆಯ ದಿನ ನಡೆದ ಮೆರವಣಿಗೆಯಲ್ಲಿ ಒಂದು ಕಲ್ಲು ಬಂದು ಕಾನ್‌ಸ್ಟೇಬಲ್ ಒಬ್ಬನ ತಲೆ ಒಡೆದಿತ್ತು. ಎಸೆದವರು ಯಾರೆಂದು ಕಂಡವರಿಲ್ಲ. ಮೆರವಣಿಗೆಯ ಮುಂದಿದ್ದವನು ಪುಟ್ಟರಾಜು, ಆದ್ದರಿಂದ ಮೊಕದ್ದಮೆ ಅವನ ಮೇಲೆ. ಅವನು ಅದೇ ದಿನ ಸೇತುವೆ ದಾಟಿ, ಆಚೆ ಚಳವಳಿಯವರು ಹಾಕಿದ್ದ ಶಿಬಿರ ಸೇರಿಕೊಂಡಿದ್ದ.

"ಶಿಬಿರದ ಹತ್ತಿರ ಬಂಗಲೆಯಲ್ಲಿ ಅವರ ತಹಸೀಲ್ದಾರ್ ಕ್ಯಾಂಪ್ ಮಾಡಿದಾರೆ. ನೀವು ಕಾಗದ ತಗೊಂಡು ಹೋಗಿ. ಆಸಾಮಿ ಅವನೇನಾ ಅಂತ ಗುರುತು ಹಿಡಿಯೋದಕ್ಕೆ ನಿಮ್ಮೆದುರಿಗೆ ಹಾಜರು ಮಾಡಲಿ ಅಂತ ಕೇಳಿ. ಅಷ್ಟೇ. ಬರ್ಕೊಳ್ಳಿ."

ಅವರು ಹೇಳಿದರು, ಕರಿಸಿದ್ದಯ್ಯ ಬರೆದ. ಕೊನೆಯ ಸಾಲು ಹೀಗಿತ್ತು: ಈ ಪತ್ರ ತರುವವರ ಜೊತೆಯಲ್ಲಿ ನಮ್ಮ ಪೊಲೀಸರು ಯಾರೂ ಬರುವುದಿಲ್ಲವೆಂದು ಈ ಮೂಲಕ ಖಾತರಿ ಕೊಡಲಾಗಿದೆ.

"ಅಮಲ್ದಾರರ ರುಜು ಬೇಕಾಗ್ತದೆ ಸಾರ್," ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಅವರು ಮಂಡ್ಯದಲ್ಲಿದಾರೆ. ಅವರಿಗೆ ಯಾಕೆ ತೊಂದರೆ? ನನ್ನ ರುಜು ಸಾಕು." ಇನ್‌ಸ್ಪೆಕ್ಟರು ನಕ್ಕರು. "ನಿಮ್ಮ ಮನೆ ಕೋಟೆ ಬೀದಿ ಹಿಂದುಗಡೆ, ಅಲ್ವಾ? ಅಪ್ಪ ಇದಾರೆ, ಹೆಂಡ್ತಿ ಇದಾರೆ. ನೀವು ಒಳ್ಳೆ ನೌಕರರು ಅಂತ ಕೇಳಿದೀನಿ."

ಕರಿಸಿದ್ದಯ್ಯ ಕಾಗದವನ್ನು ಅವರ ರುಜುವಿಗೆ ಮುಂದಿಟ್ಟ.

ಸಾಯಂಕಾಲ ಮನೆಯಲ್ಲಿ ಮುದ್ದೆ ಇಳಿಯಲಿಲ್ಲ. ಹೆಂಡತಿ ಚಲುವಮ್ಮ, "ಯಾಕೆ, ಮೈ ಸರಿ ಇಲ್ವಾ?" ಅಂದಳು. ಅವನು ನಡೆದದ್ದನ್ನು ಹೇಳಿದ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಅಪ್ಪ ದೊಡ್ಡಸಿದ್ದಯ್ಯ ಕೈ ನಿಲ್ಲಿಸಿ ಕೇಳಿಸಿಕೊಂಡ.

ದೊಡ್ಡಸಿದ್ದಯ್ಯ ಓದು ಬಾರದವನು. ಆದರೆ ನಲವತ್ತು ವರ್ಷ ಊರಿಂದೂರಿಗೆ ಸುದ್ದಿ ಒಯ್ದವನು. ಸಾವಿನ ಸುದ್ದಿ, ಜಗಳದ ಸುದ್ದಿ, ಪಂಚಾಯ್ತಿಗೆ ಕರೆಯುವ ಸುದ್ದಿ. ಎರಡು ಊರಿನವರು ಕುಡುಗೋಲು ಹಿಡಿದು ನಿಂತಾಗಲೂ ನಡುವಿನ ಹೊಲ ದಾಟಿ ಹೋಗಿ ಬಂದವನು.

"ನಿಂಗೇನೂ ಆಗಾಕಿಲ್ಲ ಕಣ್ಲಾ ಮಗ," ಅಂದ. "ಸುದ್ದಿ ತಂದವ್ನ ಮೈ ಮುಟ್ಟಬಾರ್ದು ಅಂತ ಎಂಥ ಕಟುಕನಿಗೂ ಗೊತ್ತು. ನನ್ನ ಯಾರೂ ಒಂದೇಟು ಒಡೀಲಿಲ್ಲ. ಆದ್ರೆ ಒಂದು. ಸುದ್ದಿ ಒಯ್ಯೋನು ಕೈಯಲ್ಲಿ ಒಂದು ಕೋಲೂ ಇಡೀಬಾರ್ದು. ಇಡುದ್ರೆ ಅವ್ನು ಸುದ್ದಿಯೋನಲ್ಲ, ಕಳ್ಳ."

"ನನ್ನ ಕೈಲಿ ಕಾಗ್ದ ಬುಟ್ಟು ಇನ್ನೇನಿರ್ತದಪ್ಪ?" ಅಂದ ಕರಿಸಿದ್ದಯ್ಯ.

ಬೆಳಿಗ್ಗೆ ಬಸ್ಸಿನ ಹತ್ತಿರ ಒಬ್ಬ ಜವಾನ ಕಾದಿದ್ದ. ಹೆಸರು ಕೆಂಪಸಿದ್ದಯ್ಯ ಅಂದ. ಕಚೇರಿಯಲ್ಲಿ ಎಂದೂ ಕಂಡ ಮುಖವಲ್ಲ. ಕೈಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿ, ಅರಗಿನ ಮೊಹರು ಒತ್ತಿದ ಒಂದು ಗಂಟು. ಮೊಕದ್ದಮೆಯ ದಾಖಲೆಗಳು, ಸಾಹೇಬರು ಕೊಟ್ಟಿದ್ದಾರೆ, ಗುಮಾಸ್ತರೇ ಹಿಡಿದುಕೊಳ್ಳಬೇಕಂತೆ ಎಂದು ಅದನ್ನು ಕರಿಸಿದ್ದಯ್ಯನ ತೊಡೆಯ ಮೇಲಿಟ್ಟ. ಗಂಟು ಭಾರವಾಗಿತ್ತು.

ಇದ್ದಿಲು ಹಾಕಿ ಓಡಿಸುವ ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ನೂಕಬೇಕು. ಎರಡನೆಯ ಸಲ ನೂಕುವಾಗ ಕೆಂಪಸಿದ್ದಯ್ಯ ಪಂಚೆ ಎತ್ತಿ ಕಟ್ಟಿದ. ಅವನ ಮೊಣಕಾಲು ಕಪ್ಪಗಿತ್ತು, ಪಾದ ಕಪ್ಪಗಿತ್ತು, ನಡುವೆ ಮೀನಖಂಡ ಮಾತ್ರ ಬೂದು ಬಣ್ಣಕ್ಕೆ ತಿರುಗಿ, ಕೂದಲು ಸವೆದು, ಸುತ್ತಿ ಸುತ್ತಿ ಬಿದ್ದ ಗೆರೆಗಳಿದ್ದವು. ವರ್ಷಗಟ್ಟಲೆ ಬಿಗಿಯಾಗಿ ಕಾಲುಪಟ್ಟಿ ಸುತ್ತಿದವರಿಗೆ ಮಾತ್ರ ಕಾಲು ಹಾಗಾಗುತ್ತದೆ. ಕಾಲುಪಟ್ಟಿ ಸುತ್ತುವವರು ಪೊಲೀಸರು.

ಕರಿಸಿದ್ದಯ್ಯ ಕಣ್ಣು ಬೇರೆ ಕಡೆಗೆ ತಿರುಗಿಸಿದ. ಮತ್ತೆ ಬಸ್ಸು ಹತ್ತಿದಾಗ ಅವನು ಕೆಂಪಸಿದ್ದಯ್ಯನ ಕಡೆ ನೋಡಲೇ ಇಲ್ಲ. ಕಿಟಕಿಯಾಚೆ ರಾಗಿ ಹೊಲಗಳು ಹಸಿರಾಗಿ ಸರಿಯುತ್ತಿದ್ದವು. ತನ್ನ ಕೈಯಾರೆ ಬರೆದ ಕೊನೆಯ ಸಾಲು ಮಾತ್ರ ಅವನ ಕಣ್ಣ ಮುಂದಿತ್ತು.

ಗಲಾಟೆಯಿಂದಾಗಿ ಬಸ್ಸು, ಕರೆಂಟು ತಯಾರಿಸುವ ಬ್ಲಫ್ ಎಂಬ ಜಾಗಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಅಲ್ಲಿ ಇಳಿದು, ಕರೆಂಟು ನೌಕರರ ಮನೆಗಳ ಸಾಲು ಹಿಂದೆ ಬಿಟ್ಟು, ಇಬ್ಬರೂ ನಡೆದೇ ಸೇತುವೆಗೆ ಬಂದರು. ಕೆಳಗೆ ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಆಚೆ ತುದಿಯಲ್ಲಿ ದವಸ ಸಾಗಿಸುವವರನ್ನು ಹಿಡಿಯುವ ಚೌಕಿ, ಬಿದಿರಿನ ಗಳಕ್ಕೆ ಕಟ್ಟಿದ ಮೂರು ಬಣ್ಣದ ಹೊಸ ಬಾವುಟ. ಚೌಕಿಯವನು ಗಂಟನ್ನು ಮೇಜಿನ ಮೇಲಿಡಿಸಿ, ಬಿಚ್ಚು ಅಂದ.

"ಸರ್ಕಾರದ ಮೊಹರು ಅದೆ, ಕಾಣಾಕಿಲ್ವಾ?" ಕೆಂಪಸಿದ್ದಯ್ಯ ದಬಾಯಿಸಿದ. "ನಿಮ್ ತಹಸೀಲ್ದಾರ್‌ಗೆ ತಂದಿರೋ ಕಾಗ್ದ. ಬಿಚ್ಚಿದ್ರೆ ನೀನೇ ಜವಾಬು ಏಳ್ಬೇಕಾಯ್ತದೆ."

ಚೌಕಿಯವನು ಅರಗಿನ ಮೇಲಿನ ಗಂಡಭೇರುಂಡವನ್ನು ನೋಡಿ ಕೈ ಹಿಂದಕ್ಕೆ ತೆಗೆದ. ಕರಿಸಿದ್ದಯ್ಯ ಗಂಟನ್ನು ಎತ್ತಿಕೊಂಡ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಕಿದ ಸಣ್ಣ ಸದ್ದಾಯಿತು. ಚೌಕಿಯವನಿಗೆ ಕೇಳಿಸಲಿಲ್ಲ.

ನೂರು ಹೆಜ್ಜೆ ನಡೆದ ಮೇಲೆ ಕರಿಸಿದ್ದಯ್ಯ ನಿಂತ.

"ಇದ್ರೊಳಗೆ ಏನದೆ?"

"ಕಾಗ್ದ."

"ಕಾಗ್ದ ಇಂಗೆ ಸದ್ದು ಮಾಡ್ತದಾ? ನೀನು ಜವಾನ ಅಲ್ಲ ಕಣಣ್ಣ. ನಿನ್ ಕಾಲು ನೋಡ್ದೆ."

ಕೆಂಪಸಿದ್ದಯ್ಯ ಸುತ್ತ ನೋಡಿ, ಅವನ ತೋಳು ಹಿಡಿದು ದಾರಿಯ ಬದಿಗೆ ಎಳೆದ. "ಮೆತ್ಗೆ ಮಾತಾಡ್ಲಾ, ನಮ್ಮಿಬ್ಬರನ್ನೂ ಸಿಗಿದಾಕ್ಬುಟ್ಟಾರು. ನೀನು ಕಾಗ್ದ ಕೊಡು. ಮೇಷ್ಟ್ರು ಬಂದಾಗ ಇವ್ನೇ ಅನ್ನು. ಆಮ್ಯಾಕೆ ಅವ್ನು ಸಿಬಿರಕ್ಕೆ ವಾಪಸ್ ಓಗೋದು ಒಳೆ ದಾರೀಲಿ. ಮೇಲ್ಗಡೆ, ನೀರು ನಿಧಾನ ಇರೋ ಕಡೆ, ಅರಗೋಲು ನಿಂತದೆ. ನಾಕ್ ಜನ ಅವ್ರೆ. ಬೇಡಿ ಆಕಿ ಕೂರುಸ್ಕಂಡ್ರೆ ಒಂದು ಗಳಿಗೇಲಿ ನಮ್ಮ ದಡ."

"ಇದು ಅವ್ರ ಸೀಮೆ. ಇಲ್ಲಿ ನಾವು ಬೇಡಿ ಆಕಂಗಿಲ್ಲ."

"ಅದನ್ನ ನಮ್ಮ ಸಾಹೇಬ್ರಿಗೆ ಏಳು." ಕೆಂಪಸಿದ್ದಯ್ಯನ ಹಣೆಯ ಮೇಲೂ ಬೆವರಿತ್ತು. "ನಂಗೂ ಮೂರ್ ಮಕ್ಳವೆ ಕಣಪ್ಪ. ಬರಾಕಿಲ್ಲ ಅಂದಿದ್ರೆ ಇವತ್ತು ನಾನೇ ಒಳಗಿರ್ತಿದ್ದೆ."

ಅವರು ಮುಂದೆ ನಡೆದರು. ಹಿಂತಿರುಗಿ ಹೋದರೆ ಬಂಗಲೆಯಲ್ಲಿ ಇನ್‌ಸ್ಪೆಕ್ಟರು ಕಾದಿದ್ದಾರೆ. ಮುಂದೆ ಹೋಗಿ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಸುಸೂತ್ರ, ಪುಟ್ಟರಾಜು ಹರಿಗೋಲಿನಲ್ಲಿ. ಅವನಿಗಾಗಿ ತಾನೇಕೆ ಸಾಯಬೇಕು? ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಆಮೇಲೆ ಇನ್ನೇನು ಹೋಗುತ್ತದೋ. ಕರಿಸಿದ್ದಯ್ಯ ಲೆಕ್ಕ ಹಾಕುತ್ತಲೇ ಇದ್ದ. ಪ್ರತಿಸಲವೂ ಲೆಕ್ಕ ಮೌನದ ಕಡೆಗೇ ಬಂದು ನಿಲ್ಲುತ್ತಿತ್ತು. ಹಾಗೆ ನಿಂತಾಗಲೆಲ್ಲ ಕಂಕುಳಲ್ಲಿದ್ದ ಗಂಟು ಬಿಸಿಯಾದಂತೆ ಅನ್ನಿಸುತ್ತಿತ್ತು.

ಬಂಗಲೆಯ ಬೇಲಿಯ ಹೊರಗೆ ನೂರಕ್ಕೂ ಮಿಕ್ಕಿ ಜನ ಸೇರಿದ್ದರು. ಹೆಚ್ಚಿನವರು ಈಚೆ ದಡದಿಂದಲೇ ಓಡಿಹೋದವರು. ಕೆಲವರ ತಲೆಗೆ, ತೋಳಿಗೆ ಬಟ್ಟೆ ಸುತ್ತಿತ್ತು. ಮಳವಳ್ಳಿಯಿಂದ ಕಾಗದ ಬಂದಿದೆ ಎಂಬ ಸುದ್ದಿ ಅವರಿಗಿಂತ ಮುಂಚೆ ಬಂದು ಮುಟ್ಟಿತ್ತು. ಗುಂಪು ದಾರಿ ಬಿಟ್ಟಿತು, ಆದರೆ ಯಾರೂ ಮಾತಾಡಲಿಲ್ಲ. ಅವರ ನಡುವೆ ಕರಿಸಿದ್ದಯ್ಯ ನೆಲ ನೋಡುತ್ತ ನಡೆದ.

ತಹಸೀಲ್ದಾರರು ಸಣಕಲು ಮನುಷ್ಯ. ಸೆಪ್ಟೆಂಬರಿನ ಬಿಸಿಲಿನಲ್ಲೂ ಕುತ್ತಿಗೆಗೆ ಶಾಲು ಸುತ್ತಿದ್ದರು. ಹಿಂದೆ ಹಲವು ಕಾಗದಗಳ ಕೆಳಗೆ ಕರಿಸಿದ್ದಯ್ಯ ಕಂಡಿದ್ದ ರುಜು ಅವರದೇ. ಜಗುಲಿಯಲ್ಲಿ ನಿಂತು ಕಾಗದವನ್ನು ಎರಡು ಸಲ ಓದಿದರು.

"ಇದು ನಿಮ್ಮ ಅಕ್ಷರ ಅಲ್ವೇ? ಗುರುತಿದೆ ನನಗೆ. ಹತ್ತು ವರ್ಷದಿಂದ ನೋಡ್ತಿದೀನಿ." ಕನ್ನಡಕದ ಮೇಲಿನಿಂದ ನೋಡಿದರು. "ನೋಡಿ, ಒಪ್ಪಿಸೋ ಮಾತು ಆಮೇಲೆ. ಅದು ನಾನೊಬ್ಬ ತೀರ್ಮಾನ ಮಾಡೋದಲ್ಲ. ರಾಜಕೀಯ ಕಾರಣಕ್ಕೆ ಓಡಿಬಂದವರನ್ನ ಹಿಡಿದುಕೊಡಬೇಕೋ ಬೇಡವೋ ಅನ್ನೋದು ದೊಡ್ಡವರು ನೋಡಿಕೊಳ್ಳಲಿ. ಗುರುತು ಹಿಡಿಯೋದು ಮಾತ್ರ ಅಂದರೆ ಕರೆಸ್ತೀನಿ. ಆ ಜನ ಬಿಟ್ಟುಕೊಡಲ್ಲ, ಆದರೂ ನಾನು ಹೋಗಿ ಹೇಳ್ತೀನಿ, ಪೊಲೀಸರು ಬಂದಿಲ್ಲ ಅಂತ ಬರೆದುಕೊಟ್ಟಿದಾರೆ, ಹೆದರಬೇಡಿ ಅಂತ. ನಿಮ್ಮ ಈ ಸಾಲು ನಂಬಿ ಹೇಳ್ತೀನಿ. ಹೇಳಲಾ?"

ಕರಿಸಿದ್ದಯ್ಯ ಗಂಟನ್ನು ಎದೆಗೆ ಒತ್ತಿಕೊಂಡಿದ್ದ. ಪಕ್ಕದಲ್ಲಿ ಕೆಂಪಸಿದ್ದಯ್ಯನ ಉಸಿರು ಕೇಳಿಸುತ್ತಿತ್ತು. ಬೇಲಿಯಾಚೆಯ ನೂರು ಮುಖಗಳೂ ತನ್ನ ತುಟಿಯನ್ನೇ ನೋಡುತ್ತಿವೆ ಅನ್ನಿಸಿತು.

"ಬುದ್ಧಿ," ಅಂದ. "ಒಳಗೆ ಒಂದ್ ಮಾತು ಏಳ್ಬೇಕು."

ಇಬ್ಬರೂ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಕರಿಸಿದ್ದಯ್ಯ ಗಂಟನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿದ.

"ಆ ಸಾಲು ಸುಳ್ಳು ಬುದ್ಧಿ. ಬರೆದಾಗ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ನಾನು ತಂದ ಕಾಗ್ದ ನಂಬಿ ನೀವು ಅವ್ನ ಕರಸ್ಬ್ಯಾಡಿ. ಮೇಲ್ಗಡೆ ಅರಗೋಲು ಕಾಯ್ತಾ ಅದೆ."

ತಹಸೀಲ್ದಾರರು ಮೊಹರು ಒಡೆದರು. ಬಟ್ಟೆಯೊಳಗೆ ಒಂದು ಹಿಡಿ ಹಳೆಯ ಕಾಗದ, ಅದರೊಳಗೆ ಎರಡು ಜೊತೆ ಬೇಡಿ. ಅವರು ಮುಟ್ಟಲಿಲ್ಲ. ಹಾವು ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದು, ಕುರ್ಚಿಯಲ್ಲಿ ಕೂತರು. ಅವರ ಉಸಿರಾಟ ಜೋರಾಯಿತು. ಆ ಮನುಷ್ಯನೂ ಹೆದರಿದ್ದಾನೆ ಎಂದು ಕರಿಸಿದ್ದಯ್ಯನಿಗೆ ತಿಳಿದದ್ದು ಆಗ. ಅದರಿಂದ ಅವನ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

"ಆಚೆ ನಿಂತಿರೋನು?"

"ಪೊಲೀಸ್. ಅವ್ನದೂ ತಪ್ಪಿಲ್ಲ ಬುದ್ಧಿ, ಎದರ್ಸಿ ಕಳಿಸವ್ರೆ. ನನ್ನ ಜೊತೇಲಿ ಬಂದವ್ನೆ. ನನ್ನ ಏನಾದ್ರೂ ಮಾಡಿ, ಅವ್ನ ಮಾತ್ರ ಸೇತ್ವೆ ದಾಟಿಸ್ಬುಡಿ. ಆ ಜನಕ್ಕೆ ಗೊತ್ತಾದ್ರೆ ಉಳ್ಸಾಕಿಲ್ಲ."

ತಹಸೀಲ್ದಾರರು ಕಿಟಕಿಯಾಚೆಯ ಜನರ ಕಡೆ ನೋಡಿದರು.

"ಇದನ್ನ ನಾನು ಇದ್ದ ಹಾಗೆ ಬರೆದರೆ ಏನಾಗುತ್ತೆ ಗೊತ್ತೇನ್ರೀ? ಮದರಾಸಿಗೆ ಹೋಗುತ್ತೆ, ಅಲ್ಲಿಂದ ದಿಲ್ಲಿಗೆ ಹೋಗುತ್ತೆ. ಮೈಸೂರಿನವರು ನಮ್ಮ ನೆಲಕ್ಕೆ ಬಂದು ಮನುಷ್ಯನನ್ನ ಕದಿಯೋಕೆ ಹೊರಟಿದ್ದರು ಅಂತ. ಈ ಹೊತ್ತಲ್ಲಿ, ಮೈಸೂರಲ್ಲಿ ರಾಜಿ ಮಾತುಕತೆ ನಡೀತಾ ಇರೋವಾಗ, ಇಂಥದು ಒಂದು ಕಿಡಿ ಸಾಕು. ನಾಳೆ ಬೆಳಿಗ್ಗೆ ಈ ಜನ ಸೇತುವೆ ಮೇಲಿರ್ತಾರೆ. ಆಚೆಯಿಂದ ಗುಂಡು ಹಾರುತ್ತೆ." ಶಾಲಿನಿಂದ ಮುಖ ಒರೆಸಿಕೊಂಡರು. "ಬರೆಯೋದಿಲ್ಲ. ಬರೆದಿಲ್ಲದ್ದಕ್ಕೆ ಎರಡು ಸರ್ಕಾರ ಜಗಳ ಆಡೋಕೆ ಆಗಲ್ಲ. ಆದರೆ ನಿಮ್ಮ ಬಾಯಿಂದಲೂ ಹೋಗಬಾರದು. ಯಾರಿಗೂ. ಯಾವತ್ತೂ."

"ಇಲ್ಲ ಬುದ್ಧಿ."

"ಆಣೆ ಬೇಡ. ನೀವು ಒಳಗೆ ಬಂದಿರಿ, ಅದೇ ಸಾಕು."

ಅವರು ಉತ್ತರ ಬರೆದರು. ಸಾಕ್ಷ್ಯಸಮೇತ ಕ್ರಮವಾದ ದಾರಿಯಲ್ಲಿ ಕೋರಿಕೆ ಬರಲಿ, ಅಲ್ಲಿಯವರೆಗೆ ಆಸಾಮಿಯನ್ನು ಹಾಜರುಪಡಿಸಲಾಗದು, ಪತ್ರ ತಂದವರನ್ನು ತಕ್ಕ ಗೌರವದಿಂದ ವಾಪಸು ಕಳಿಸಿದೆ. ಅಷ್ಟೇ. ತಮ್ಮ ಇಬ್ಬರು ಡಫೇದಾರರನ್ನು ಕರೆದು, ಮೇಲ್ಗಡೆ ದಡದಲ್ಲಿ ಹರಿಗೋಲು ನಿಲ್ಲಿಸುವ ಹಾಗಿಲ್ಲ, ಅಲ್ಲಿರುವವರನ್ನು ವಾಪಸು ಕಳಿಸಿ, ಏನೂ ಕೇಳಬೇಡಿ ಎಂದು ಹೇಳಿದರು. ಬೇಡಿಗಳನ್ನು ಹಾಗೇ ಸುತ್ತಿ, ಗಂಟು ಬಿಗಿದು, ಕರಿಸಿದ್ದಯ್ಯನ ಕೈಗೆ ಕೊಟ್ಟರು. "ಇದು ಇಲ್ಲಿ ಉಳಿಯಬಾರದು. ನಡೀರಿ, ಸೇತುವೆವರೆಗೆ ನಾನೇ ಬರ್ತೀನಿ."

ಬೇಲಿಯ ಬಾಗಿಲು ದಾಟುವಾಗ ಗುಂಪಿನ ಮುಂದೆ ಪುಟ್ಟರಾಜು ನಿಂತಿದ್ದ. ಗಡ್ಡ ಬೆಳೆದು, ಕಣ್ಣು ಒಳಗೆ ಹೋಗಿದ್ದವು.

"ಏನ್ಲಾ ಕರಿಸಿದ್ದ, ನನ್ನ ಇಡ್ಕೊಡಕ್ಕೆ ನೀನೇ ಬೇಕಾಗಿತ್ತಾ? ಅವ್ರು ಎಸೆದ ರೊಟ್ಟಿಗೆ ಬಂದಿದ್ದೀಯಾ?"

ಕರಿಸಿದ್ದಯ್ಯ ತಲೆ ತಗ್ಗಿಸಿ ನಡೆದ. ಅಷ್ಟರಲ್ಲಿ ಯಾರೋ ಕೂಗಿದರು, "ಅವ್ನ ಜೊತೇಲಿರೋನ ನೋಡ್ರಲಾ! ನೆಟ್ಟಗೆ ಸಿಪಾಯಿ ನಡೆದಂಗೆ ನಡೀತಾನೆ!" ಗುಂಪು ಒಮ್ಮೆಲೇ ಒತ್ತಿಕೊಂಡು ಬಂತು. ಒಂದು ಕಲ್ಲು ಕರಿಸಿದ್ದಯ್ಯನ ಕಿವಿಯ ಮೇಲೆ ಬಿತ್ತು. ಬಿಸಿಯಾದದ್ದು ಏನೋ ಕುತ್ತಿಗೆಗೆ ಇಳಿಯಿತು. ಕೆಂಪಸಿದ್ದಯ್ಯ ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗಂಟು ಕೆಳಗೆ ಬಿದ್ದರೆ ಮುಗಿಯಿತು ಎಂಬುದೊಂದೇ ಕರಿಸಿದ್ದಯ್ಯನ ತಲೆಯಲ್ಲಿತ್ತು.

ತಹಸೀಲ್ದಾರರು ಇಬ್ಬರ ಮುಂದೆ ಬಂದು ಕೈ ಚಾಚಿ ನಿಂತರು. ಸಣ್ಣ ದನಿ ಒಡೆದುಹೋಗುವಂತೆ ಕೂಗಿದರು. "ಇವರು ಕಾಗದ ತಂದವರು! ನನ್ನ ಹತ್ತಿರ ಬಂದವರು! ಹೊಡೆಯೋದಿದ್ದರೆ ಮೊದಲು ನನಗೆ ಹೊಡೀರಿ!"

ಯಾರೂ ಕದಲಲಿಲ್ಲ. ಆಗ ಪುಟ್ಟರಾಜುವೇ ಜನರ ಕಡೆ ತಿರುಗಿದ. "ಬುಡ್ರಲಾ," ಅಂದ. "ಕಾಗ್ದ ತಂದವ್ರ ಒಡೆದ್ರು ಅನ್ನೋ ಕೆಟ್ಟ ಎಸ್ರು ನಮ್ಗೆ ಬ್ಯಾಡ. ಓಗ್ಲಿ ಬುಡಿ." ನಿಧಾನವಾಗಿ ದಾರಿಯಾಯಿತು.

ಸೇತುವೆಯ ನಡುವಿನವರೆಗೆ ತಹಸೀಲ್ದಾರರು ಬಂದರು. ಅಲ್ಲಿಂದ ಮುಂದೆ ಅವರ ಸೀಮೆಯಲ್ಲ. ನಿಂತು, ತಲೆಯಾಡಿಸಿ ಹಿಂತಿರುಗಿದರು.

ಈಚೆ ದಡದಲ್ಲಿ ಇನ್‌ಸ್ಪೆಕ್ಟರ ಮೋಟಾರು ನಿಂತಿತ್ತು. ಹರಿಗೋಲಿನವರು ಬರಿಗೈಯಲ್ಲಿ ಬಂದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಉತ್ತರವನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಗಂಟಿನ ಒಡೆದ ಮೊಹರನ್ನು ಹೆಬ್ಬೆರಳಿನಿಂದ ಸವರಿದರು.

"ಯಾರು ಹೇಳಿದ್ದು?"

ಕರಿಸಿದ್ದಯ್ಯ ಕೆಂಪಸಿದ್ದಯ್ಯನ ಕಡೆ ನೋಡಿದ. ಅವನು ಒಳಗೆ ಹೋದದ್ದನ್ನು ಕೆಂಪಸಿದ್ದಯ್ಯ ಕಣ್ಣಾರೆ ಕಂಡಿದ್ದ. ಒಂದು ಮಾತು ಆಡಿದರೆ ಸಾಕಿತ್ತು.

"ಯಾರೂ ಏಳ್ಲಿಲ್ಲ ಸಾರ್," ಕೆಂಪಸಿದ್ದಯ್ಯ ಅಟೆನ್ಷನ್ ನಿಂತು ಹೇಳಿದ. "ಗುಂಪಲ್ಲಿ ಯಾರೋ ನನ್ನ ಗುರ್ತು ಇಡುದ್ರು. ತಹಸೀಲ್ದಾರ್ರು ಗಂಟು ಕಿತ್ಕೊಂಡು ಬಿಚ್ಚುದ್ರು."

ಇನ್‌ಸ್ಪೆಕ್ಟರು ಅವನ ಕೆನ್ನೆಗೆ ಹೊಡೆದರು. ಒಂದೇ ಏಟು, ನಿಧಾನವಾಗಿ ಕೈಯೆತ್ತಿ. ಆಮೇಲೆ ಕರಿಸಿದ್ದಯ್ಯನ ರಕ್ತವಾಗಿದ್ದ ಕಿವಿಯನ್ನು ನೋಡಿದರು. "ತಹಸೀಲ್ದಾರರು ನಿಮ್ಮನ್ನ ಏನು ಕೇಳಿದರು?"

"ಕಾಗದ ಓದಿ ಹೇಳು ಅಂದ್ರು ಸಾರ್. ಓದಿ ಹೇಳ್ದೆ."

"ಈಗ ಹೊತ್ತಿಲ್ಲ ನನಗೆ. ಈ ಗಲಾಟೆ ಮುಗೀಲಿ. ನಿಮ್ಮಿಬ್ಬರ ವಿಚಾರಣೆ ನಾನೇ ಮಾಡ್ತೀನಿ."

ಆಮೇಲಿನ ಐದು ವಾರಗಳನ್ನು ಕರಿಸಿದ್ದಯ್ಯ ಹೇಗೆ ಕಳೆದನೆಂದು ಚಲುವಮ್ಮನಿಗೆ ಮಾತ್ರ ಗೊತ್ತು. ಕಚೇರಿಗೆ ಟಪಾಲು ಬಂದಾಗಲೆಲ್ಲ ಅವನೇ ಮೊದಲು ಎದ್ದು ಲಕೋಟೆಗಳನ್ನು ತಿರುವಿ ನೋಡುತ್ತಿದ್ದ. ಬೀದಿಯಲ್ಲಿ ಬೂಟಿನ ಸದ್ದಾದರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಎರಡು ಸಲ ಬಂಗಲೆಯ ಮುಂದೆ ಹಾದು ಹೋಗಬೇಕಾಗಿ ಬಂದಾಗ ಕೆರೆಯ ಹಿಂದಿನಿಂದ ಸುತ್ತು ಹಾಕಿ ಹೋದ. ಏನು ನಡೆಯಿತೆಂದು ಅಪ್ಪ ಕೇಳಿದ. "ಕಾಗ್ದ ಕೊಟ್ಟು ಬಂದೆ" ಅಂದನೇ ಹೊರತು ಬೇರೆ ಬಾಯಿ ಬಿಡಲಿಲ್ಲ.

ಅಕ್ಟೋಬರ್ ನಡುವಿನಲ್ಲಿ ಮಹಾರಾಜರ ಸರ್ಕಾರಕ್ಕೂ ಚಳವಳಿಯವರಿಗೂ ರಾಜಿಯಾಯಿತು. ಜೈಲುಗಳು ತೆರೆದವು, ಮೊಕದ್ದಮೆಗಳು ಬಿದ್ದುಹೋದವು. ಹೊಸ ಮಂತ್ರಿಗಳ ಹೆಸರನ್ನು ಜನ ಸಂತೆಯಲ್ಲಿ ಕೂಗಿ ಹೇಳಿದರು. ಇನ್‌ಸ್ಪೆಕ್ಟರು ಒಂದು ಬೆಳಿಗ್ಗೆ ಬಂಗಲೆ ಖಾಲಿ ಮಾಡಿದರು. ವಿಚಾರಣೆಯ ಕಾಗದ ಬರಲಿಲ್ಲ. ಬರುವುದಿಲ್ಲವೆಂದು ಮಾತ್ರ ಯಾರೂ ಹೇಳಲಿಲ್ಲ.

ಪುಟ್ಟರಾಜು ಹಾರ ಹಾಕಿಸಿಕೊಂಡು ಊರಿಗೆ ಬಂದ. ನವೆಂಬರಿನಲ್ಲಿ ಒಂದು ದಿನ, ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಕಚೇರಿಗೂ ಬಂದ. ಈಗ ಅವನ ಮಾತಿಗೆ ಅಧಿಕಾರಿಗಳು ಎದ್ದು ನಿಲ್ಲುತ್ತಿದ್ದರು. ಕರಿಸಿದ್ದಯ್ಯನ ಮೇಜಿನ ಮುಂದೆ ಬಂದು ನಿಂತ.

"ಅವತ್ತು ನನ್ನ ಇಡ್ಕೊಂಡೋಗಕ್ಕೆ ಬಂದಿದ್ದೋನು ನೀನೇ ಅಲ್ವಾ?"

ಕಚೇರಿಯಲ್ಲಿ ಲೇಖನಿಗಳು ನಿಂತವು. ಕರಿಸಿದ್ದಯ್ಯ ಎದ್ದ. ನಡೆದದ್ದನ್ನು ಹೇಳಿದರೆ ಕೆಂಪಸಿದ್ದಯ್ಯ ಅವತ್ತು ಸುಳ್ಳು ಹೇಳಿದನೆಂದಾಗುತ್ತದೆ, ಆಚೆಯ ತಹಸೀಲ್ದಾರರು ಬರೆದ ಉತ್ತರ ಅರ್ಧ ಸತ್ಯವೆಂದಾಗುತ್ತದೆ.

"ಕಾಗದ ತಂದಿದ್ದೆ ಸ್ವಾಮಿ."

"ಏನಿತ್ತು ಅದ್ರಲ್ಲಿ?"

"ನಿಮ್ಮನ್ನ ಕೇಳಿ ಬರ್ದಿತ್ತು. ಅವ್ರು ಕೊಡ್ಲಿಲ್ಲ."

ಪುಟ್ಟರಾಜು ಅವನ ಮುಖವನ್ನೂ, ಕಿವಿಯ ಮೇಲೆ ಉಳಿದಿದ್ದ ಗಾಯದ ಕಲೆಯನ್ನೂ ನೋಡಿದ. "ನೆನಪಿಟ್ಕೋತೀನಿ" ಅಂದು ಹೊರಟುಹೋದ. ಯಾವ ಅರ್ಥದಲ್ಲಿ ಅಂದನೋ ತಿಳಿಯಲಿಲ್ಲ. ಕರಿಸಿದ್ದಯ್ಯ ಅದೇ ಮಧ್ಯಾಹ್ನ ವರ್ಗಾವಣೆಗೆ ಅರ್ಜಿ ಬರೆದ.

ಮದ್ದೂರಿಗೆ ಆಯಿತು. ಡಿಸೆಂಬರಿನಲ್ಲಿ ಸಾಮಾನು ಹೇರಿದ ಗಾಡಿಯಲ್ಲಿ ಹೋಗುವಾಗ, ಅಪ್ಪ ಮೂಟೆಗೆ ಒರಗಿ ನಿದ್ದೆಹೋದ ಮೇಲೆ, ಅವನು ಚಲುವಮ್ಮನಿಗೆ ಒಬ್ಬಳಿಗೇ ಎಲ್ಲ ಹೇಳಿದ. ಮಾತು ಕೊಟ್ಟು ಮುರಿದದ್ದು ಅದೊಂದೇ ಸಲ.

"ಮೇಷ್ಟ್ರಿಗೆ ಏಳಿದ್ರೆ ಕಾಲಿಗೆ ಬೀಳ್ತಿದ್ದ," ಅಂದಳು ಅವಳು.

"ಬೀಳ್ತಿದ್ದ."

"ಏಳ್ದೆ ಇದ್ದುದ್ಕೆ ಈಗ ಊರು ಬುಟ್ಟು ಓಗ್ತಾ ಇವಿ."

"ಊಂ."

"ಸರಿ ಬುಡು," ಅಂದಳು ಚಲುವಮ್ಮ. ಸೆರಗಿನಿಂದ ಅವನ ಹೆಗಲ ಮೇಲಿನ ಧೂಳು ಕೊಡವಿದಳು.

ಮದ್ದೂರಿನ ಹೊಸ ಮನೆಯಲ್ಲಿ ಮೊದಲ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಕರಿಸಿದ್ದಯ್ಯ ಎದ್ದು ಗೋಡೆಗೆ ಒರಗಿ ನಿಂತ. ಚಲುವಮ್ಮ ಹೋಗಿ ತೆರೆದಳು. ರೇಷನ್ ಚೀಟಿಗೆ ಮನೆ ಮಂದಿಯ ಹೆಸರು ಬರೆದುಕೊಳ್ಳಲು ಬಂದವನು. ಅವಳೇ ಮೂರು ಹೆಸರು ಹೇಳಿದಳು. ಅವನು ಬರೆದುಕೊಂಡು, ಪಕ್ಕದ ಮನೆ ಮುಗಿಸಿ, ಬೀದಿಯ ತಿರುವು ದಾಟುವವರೆಗೂ ಕರಿಸಿದ್ದಯ್ಯ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದ.